ಹಾವಿನ ಕೋಣೆಯ ತೇವ

ಹಾವು ಸಾಕಿದ ಮನೆಯಲ್ಲಿ ನಗುವಂಥದ್ದು ಆಗುತ್ತಲೇ ಇರುತ್ತದೆ. ಮನೆಯವರಿಗೆ ನಗುವ ಮನಸ್ಸಿಲ್ಲ ಅಂತ ಅದು ಕಾದು ನಿಲ್ಲುವುದಿಲ್ಲ.

ಹಾವು ನನ್ನದಲ್ಲ, ಅಣ್ಣನದು. ಬಾಲ್ ಪೈಥಾನ್ ಅಂತ ವಿಷವಿಲ್ಲದ ಒಂದು ವಿದೇಶಿ ಹೆಬ್ಬಾವು. ಸುತ್ತಿಕೊಂಡು ಮಲಗುತ್ತದೆಂದು ಅಣ್ಣ ಅದಕ್ಕೆ ಚಕ್ಕುಲಿ ಅಂತ ಹೆಸರಿಟ್ಟಿದ್ದ. ಹೋದ ವರ್ಷ ಕಡಕೊಳದ ಫ್ಯಾಕ್ಟರಿಯಿಂದ ಬೈಕಲ್ಲಿ ಬರುವಾಗ ಅಪಘಾತವಾಗಿ ಅಣ್ಣ ಹೋಗಿಬಿಟ್ಟ. ಶ್ರೀರಾಂಪುರದ ನಮ್ಮ ಮನೆಯಲ್ಲಿ ಅವನ ಕೋಣೆ, ಗಾಜಿನ ಪೆಟ್ಟಿಗೆ, ಅದರೊಳಗೆ ಚಕ್ಕುಲಿ ಉಳಿದವು. ಅವನು ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಇದೊಂದೇ.

ಪೆಟ್ಟಿಗೆಯೊಳಗೆ ಗಾಳಿಯ ತೇವ ನೂರಕ್ಕೆ ಅರವತ್ತಾದರೂ ಇರಬೇಕು. ಒಣಗಿದರೆ ಪೊರೆ ಇಡಿಯಾಗಿ ಕಳಚುವುದಿಲ್ಲ, ಚೂರುಚೂರಾಗಿ ಮೈಗೇ ಅಂಟಿಕೊಳ್ಳುತ್ತದೆ. ಅಣ್ಣ ಹೋದಮೇಲೆ ಬಿಟ್ಟ ಪೊರೆ ಹಾಗೇ ಆಯಿತು. ಕಣ್ಣಿನ ಮೇಲೂ ಒಂದು ಚೂರು ನಿಂತಿತು. "ಮುಂದಿನ ಸಲವೂ ಹೀಗೇ ಆದ್ರೆ ಕಣ್ಣು ಹೋಗಬಹುದಮ್ಮ" ಅಂದರು ಪ್ರಾಣಿಗಳ ಡಾಕ್ಟರು. ನನ್ನ ಕೈಯಲ್ಲಿ ಬೇರೇನೂ ಉಳಿಸಿಕೊಳ್ಳಲು ಆಗಿರಲಿಲ್ಲ. ಆ ಕಣ್ಣಾದರೂ ಉಳಿಯಬೇಕಿತ್ತು.

ಮಾತಾಡಿಸಲು ಬಂದವರು

ಊರಿನಿಂದ ದೊಡ್ಡಮ್ಮ ಬಂದಿದ್ದರು. ಅಣ್ಣನ ಮಂಚದ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, "ಎಂಗೆ ಬುಟ್ಟೋದ್ಯಪ್ಪಾ ನನ್ ಕಂದಾ" ಅಂತ ಅಳುತ್ತಿದ್ದರು. ಅಳುತ್ತಲೇ ಪಕ್ಕದ ಪೆಟ್ಟಿಗೆ ಕಡೆ ನೋಡಿ, "ಮೀನಿನ ತೊಟ್ಟಿಗೆ ನೀರೇ ಬುಟ್ಟಿಲ್ವಲ್ಲವ್ವಾ. ಅವನು ಓದ ಅಂತ ಮೀನ್ನೂ ಸಾಯಿಸ್ತೀರಾ?" ಅಂದರು. ಅಷ್ಟೊತ್ತಿಗೆ ಚಕ್ಕುಲಿ ತಲೆಯೆತ್ತಿತು.

ದೊಡ್ಡಮ್ಮನ ಮುಂದಿನ ಅಳು ಬೀದಿಯಿಂದ ಕೇಳಿಸಿತು. ಚಪ್ಪಲಿಯನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ.

ನಲವತ್ತೆರಡು

ಪೆಟ್ಟಿಗೆಯಲ್ಲಿ ತೇವ ತೋರಿಸುವ ಪುಟ್ಟ ಮೀಟರ್ ಇದೆ. ನಾನು ದಿನಾ ನೀರು ಚಿಮುಕಿಸುತ್ತೇನೆ, ಅದು ದಿನಾ ನಲವತ್ತಕ್ಕೆ ಇಳಿಯುತ್ತದೆ. ಯಾಕೆಂದು ತಿಳಿಯದೆ ಒದ್ದಾಡುತ್ತಿದ್ದಾಗ, ಒಂದು ಬೆಳಗ್ಗೆ ಅಪ್ಪ ಮೆಲ್ಲಗೆ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಸರಿಸಿ ಫ್ಯಾನ್ ಜೋರಾಗಿ ಹಾಕಿದ್ದು ಕಂಡಿತು.

"ನಲವತ್ತೆರಡು ಡಿಗ್ರಿ ತೋರಿಸ್ತಿದೆಯಲ್ಲಮ್ಮ! ಬೆಂದುಹೋಗುತ್ತೆ, ಪಾಪ."

"ಅದು ಡಿಗ್ರಿ ಅಲ್ಲಪ್ಪ, ತೇವ. ಅದಕ್ಕೆ ಫ್ಯಾನೇ ಆಗಲ್ಲ."

ಅಪ್ಪ ಫ್ಯಾನ್ ಆರಿಸಿ ಮುಚ್ಚಳ ಸರಿಮಾಡಿದರು. "ಅವನಿಗೆ ಫ್ಯಾನ್ ಇಲ್ದೆ ನಿದ್ದೆ ಬರ್ತಿರ್ಲಿಲ್ಲ. ಇಬ್ರೂ ಒಂದೇ ರೂಮಲ್ಲಿ ಎಂಗಿದ್ರು?" ಅಂದರು.

ನನ್ನ ಮದುವೆಗೆ ಜಾತಕ ನೋಡುವವರು ಕೂಡ ಹೊಂದಾಣಿಕೆ ಬಗ್ಗೆ ಇಷ್ಟು ಯೋಚಿಸಿರಲಿಲ್ಲ.

ನರ್ಸರಿಯಲ್ಲಿ

ತೇವ ಹಿಡಿದಿಡಲು ಒಣ ಪಾಚಿ ಒಳ್ಳೆಯದು, ಅದನ್ನು ಆರ್ಕಿಡ್ ಗಿಡಗಳಿಗೆ ಹಾಕುತ್ತಾರೆ. ಬೋಗಾದಿ ಕಡೆ ಒಂದು ನರ್ಸರಿಗೆ ಹೋದೆ. ಗೊತ್ತಿಲ್ಲದವರ ಎದುರು ನನಗೆ ಮಾತೇ ಬರುವುದಿಲ್ಲ. ಹಾವಿಗೆ ಅಂತ ಹೇಳಲು ನಾಚಿಕೆಯಾಯಿತು.

"ಯಾವ ಗಿಡಕ್ಕಮ್ಮಾ?" ಅಂದರು ನರ್ಸರಿಯವರು.

"ಮನೇಲೊಂದಿದೆ."

"ಎಷ್ಟು ಎತ್ತರ?"

"ಮೂರೂವರೆ ಅಡಿ. ಎತ್ತರ ಅಲ್ಲ... ಉದ್ದ."

"ಬಳ್ಳೀನಾ? ಹೂವು ಬಿಡುತ್ತಾ?"

"ಇಲ್ಲ. ಸಿಪ್ಪೆ ಬಿಡುತ್ತೆ."

ಅವರು ತಲೆ ಕೆರೆದುಕೊಂಡರು. "ಗೊಬ್ಬರ ಏನ್ ಹಾಕ್ತೀರಾ?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಇಲಿ" ಅಂದೆ.

ಅವರು ಪಾಚಿ ಕಟ್ಟಿಕೊಟ್ಟು, ನಾನು ಗೇಟು ದಾಟಿದ ಮೇಲೆ ಕೂಗಿದರು: "ಮೇಡಂ, ಅದರ ಒಂದು ಕಡ್ಡಿ ಸಿಕ್ಕಿದ್ರೆ ತಂದ್ಕೊಡಿ! ನಮ್ ಗೋಡೌನಲ್ಲಿ ಭಾರಿ ಇಲಿ ಕಾಟ ಕಣ್ರೀ!"

ಅರವತ್ತೈದು

ಪಾಚಿ ಹಾಕಿದ ಮೇಲೆ ಮೀಟರ್ ಏರಿತು. ಆಫೀಸಿನಿಂದ ಬಂದು ನೋಡಿದರೆ ದಿನಾ ಅರವತ್ತೈದು. ಪಾಚಿಯನ್ನು ಮನಸ್ಸಲ್ಲೇ ಹೊಗಳಿದೆ. ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದೆ.

ಅಣ್ಣನ ಕೋಣೆಯಲ್ಲಿ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿತ್ತು. ಹಗ್ಗದ ತುಂಬ ಅವನ ಒದ್ದೆ ಅಂಗಿಗಳು. ಅಮ್ಮ, ಹಾವಿನ ಹೆಸರೆತ್ತಿದರೇ ಎದ್ದುಹೋಗುವ ಅಮ್ಮ, ಪೆಟ್ಟಿಗೆಗೆ ಬೆನ್ನು ಹಾಕಿ ನಿಂತು ಕ್ಲಿಪ್ಪು ಸಿಕ್ಕಿಸುತ್ತಿದ್ದಳು.

"ಅಮ್ಮಾ, ಇವೆಲ್ಲ ಒಗೆದಿಟ್ಟಿದ್ದವೇ ಅಲ್ವಾ?"

"ಧೂಳು ಕೂತಿತ್ತು ಕಣೆ."

"ಬೀರು ಒಳಗೆ?"

ಅಮ್ಮ ಇನ್ನೊಂದು ಅಂಗಿ ಕೊಡವಿದಳು. "ಬಿಚ್ಚಿದ್ದನ್ನ ಬಿಚ್ಚಿದಲ್ಲೇ ಬಿಡ್ತಿದ್ದ. ದಿನಾ ಎತ್ತಿ ಒಗೆದೂ ಒಗೆದೂ ಅಭ್ಯಾಸ. ಮೇಲೆ ಟೆರೇಸಲ್ಲಿ ಹಾಕಿದ್ರೆ, ಇನ್ನೂ ಯಾರಿಗೂ ಕೊಟ್ಟಿಲ್ವಾ ಅಂತ ಪಕ್ಕದ ಮನೆಯವ್ರು ಕೇಳ್ತಾರೆ."

ನಾನು ಪೆಟ್ಟಿಗೆ ಹತ್ತಿರ ಹೋದೆ. ಮೀಟರ್ ನೋಡಿದೆ. "ಅಮ್ಮಾ, ಹಾವಿಗೆ ತೇವ ಬೇಕು. ದಿನಾ ಒಗಿ" ಅಂದೆ.

ಅಮ್ಮ ಕಣ್ಣೊರೆಸಿಕೊಂಡಳು. "ಅಂಗಾದ್ರೆ ಹಿಂಡದೇ ಹಾಕ್ತೀನಿ ಬುಡು."

ಟೆರೇಸಿನ ಮೇಲೆ

ಸ್ವಲ್ಪ ದಿನಕ್ಕೆ ಚಕ್ಕುಲಿಯ ಕಣ್ಣು ಮಂಜಾಯಿತು. ಪೊರೆ ಬಿಡುವ ಮುಂಚೆ ಹಾಗಾಗುತ್ತದೆ. ನಾವು ಮೂವರೂ ಬೇರೆ ಬೇರೆ ನೆಪ ಹೇಳಿಕೊಂಡು ಆ ಕೋಣೆಗೆ ಹೋಗಿಬರುತ್ತಿದ್ದೆವು.

ಒಂದು ಬೆಳಗ್ಗೆ ನೋಡಿದರೆ ಪೊರೆ ಮೂಲೆಯಲ್ಲಿ ಬಿದ್ದಿತ್ತು. ಎಲ್ಲೂ ಹರಿಯದೆ, ಬಿಚ್ಚಿದ ಕಾಲುಚೀಲದಂತೆ ಒಳಮಗ್ಗುಲು ಹೊರಗಾಗಿ. ಎರಡೂ ಕಣ್ಣಿನ ಪೊರೆಗಳು ಅದರಲ್ಲೇ ಇದ್ದವು, ಹಳೆಯ ಚೂರು ಕೂಡ. ಚಕ್ಕುಲಿಯ ಎರಡೂ ಕಣ್ಣು ಹೊಳೆಯುತ್ತಿದ್ದವು. ನನ್ನ ಕೂಗಿಗೆ ಅಮ್ಮ ಓಡಿಬಂದಳು. ಮೊದಲ ಸಲ ಗಾಜಿಗೆ ಬಗ್ಗಿದಳು. ನೋಡಿದ್ದು ಹಾವನ್ನಲ್ಲ.

"ನೋಡು, ಬಿಚ್ಚಿದಲ್ಲೇ ಬಿಟ್ಟಿದೆ! ಅದೂ ತಿರುವುಮುರುವಾಗಿ. ಎಲ್ಲಾ ಅವನದೇ ಬುದ್ಧಿ!"

ಸಂಜೆ ಆಫೀಸಿನಿಂದ ಬಂದು ಹುಡುಕಿದರೆ ಪೊರೆ ಕೋಣೆಯಲ್ಲಿಲ್ಲ. ಅಮ್ಮ ಟೆರೇಸಿನಲ್ಲಿದ್ದಳು. ಅಣ್ಣನ ಅಂಗಿಗಳು ಮೊದಲ ಸಲ ಬಯಲಲ್ಲಿ, ಎಲ್ಲರಿಗೂ ಕಾಣುವಂತೆ ಆಡುತ್ತಿದ್ದವು. ನೀಲಿ ಅಂಗಿಗೂ ಚೌಕಳಿ ಅಂಗಿಗೂ ನಡುವೆ, ಸೋಪು ಹಾಕಿ ಒಗೆದ ಪೊರೆ, ಎರಡು ಕ್ಲಿಪ್ಪಿನಲ್ಲಿ.

ಪಕ್ಕದ ಟೆರೇಸಿನಿಂದ ಆಂಟಿ ಕತ್ತು ಚಾಚಿದರು. "ಏನ್ರೀ ಅದು?"

"ಮಗಂದು ಕಣ್ರೀ" ಅಂದಳು ಅಮ್ಮ. "ಗೊತ್ತಲ್ಲ, ಒಂದನ್ನೂ ಎತ್ತಿಡಲ್ಲ."

ಆಂಟಿ ಅಂಗಿಗಳನ್ನು ನೋಡಿದರು, ಪೊರೆಯನ್ನು ನೋಡಿದರು, ಅಮ್ಮನನ್ನು ನೋಡಿದರು. ಆಮೇಲೆ ಅಂದರು:

"ನಾಳೆಯಿಂದ ನೆರಳಿಗೆ ಹಾಕ್ರೀ. ಬಣ್ಣ ಹೋಗ್ಬುಡುತ್ತೆ."