ಸಮಿತಿಯ ಹೊಟ್ಟೆ ಸೇರಿದ ಏಳು ತೆನೆ

ಹೊಲದಲ್ಲಿ ಸಸ್ಯವಿಜ್ಞಾನಿಯಾಗಿದ್ದ ನೀವು ವಿಜ್ಞಾನ ನೀತಿಯ ಕಚೇರಿಗೆ ಹೇಗೆ ಏರಿದಿರಿ ಎಂದು ಹೊಸಬರು ನನ್ನನ್ನು ಕೇಳುವುದುಂಟು. ಯಾವ ಪದವಿ ಬೇಕು, ಎಷ್ಟು ಪ್ರಬಂಧ ಬರೆದಿರಬೇಕು, ಯಾರ ಪರಿಚಯವಿರಬೇಕು ಎಂದು ಅವರಿಗೆ ಕುತೂಹಲ. ನಾನು ಕನ್ನಡಕ ಸರಿಪಡಿಸಿಕೊಂಡು "ವಿಶಾಲ ದೃಷ್ಟಿ ಬೇಕಪ್ಪಾ" ಎನ್ನುತ್ತೇನೆ. ಶುದ್ಧ ಸುಳ್ಳು! ನಾನು ಏರಿದ್ದು ಜೋಳ ತಿಂದು.

ಅರವತ್ತರ ದಶಕದ ಮಾತು. ಧಾರವಾಡದ ಕಡೆಯವನಾದ ನನಗೆ ಸೂರತ್ತಿನ ಹೊರಗೆ ಜೋಳದ ಸಂಶೋಧನೆಯ ಹೊಲವೊಂದನ್ನು ಒಪ್ಪಿಸಿದ್ದರು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡೆ. ನಮ್ಮಲ್ಲಿ ಹಸಿ ತೆನೆ ಸುಟ್ಟು ಸೀತನಿ ತಿನ್ನುವ ಹಾಗೆ ಸೂರತ್ತಿನವರು ಚಳಿಗಾಲದಲ್ಲಿ 'ಪೋಂಕ್' ತಿನ್ನುತ್ತಾರೆ. ಎಳೆ ತೆನೆಯನ್ನು ಕೆಂಡದಲ್ಲಿ ಹದವಾಗಿ ಬಾಡಿಸಿ, ಬಟ್ಟೆಯಲ್ಲಿ ಸುತ್ತಿ ಕೋಲಿನಿಂದ ಬಡಿದು, ಉದುರಿದ ಹಸಿರು ಕಾಳಿಗೆ ಸೇವು, ನಿಂಬೆರಸ ಹಾಕಿಕೊಂಡು ತಿಂದರೆ ಸ್ವರ್ಗ.

ಅಲ್ಲಿನ ಜೋಳ ಸಿಹಿ, ಆದರೆ ನೀರು ಕಡಿಮೆಯಾದರೆ ಕೈಕೊಡುತ್ತದೆ. ನಮ್ಮ ಕಡೆಯ ಹಿಂಗಾರಿ ಜೋಳ ನೀರಿಲ್ಲದೆಯೂ ನಿಲ್ಲುತ್ತದೆ, ಆದರೆ ಆ ಸಿಹಿ ಇಲ್ಲ. ಇವೆರಡನ್ನೂ ಕೂಡಿಸಿದರೆ ಏನಾದೀತು ಎಂಬುದೇ ನನ್ನ ಕುತೂಹಲ. ಎರಡು ವರ್ಷ ಬಿತ್ತಿದೆ, ಆರಿಸಿದೆ. ಮೂರನೆಯ ವರ್ಷ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದೆ. ಒಂದು ಹಿಡಿಯನ್ನಾದರೂ ಡಬ್ಬದಲ್ಲಿ ಎತ್ತಿಡಬೇಕು ಎಂಬುದು ಶಾಸ್ತ್ರ. ನನ್ನ ಆತ್ಮವಿಶ್ವಾಸದ ಮುಂದೆ ಶಾಸ್ತ್ರ ಯಾವ ಲೆಕ್ಕ!

ನೀರು ನಿಲ್ಲಿಸಿದ ಮೇಲೆ, ಹೋಲಿಕೆಗೆಂದು ನೀರುಣಿಸುತ್ತಿದ್ದ ಅಂಚಿನ ಸೂರತ್ತಿ ಜೋಳದ ಸಾಲುಗಳನ್ನು ಬಿಟ್ಟರೆ, ಇಡೀ ಹೊಲ ಬಾಡಿತು. ಏಳು ಗಿಡ ಮಾತ್ರ ಹಸಿರಾಗಿ ನಿಂತವು! ಅವುಗಳ ತೆನೆಗೆ ನಾನೇ ಕೈಯಾರೆ ಕೆಂಪು ದಾರ ಕಟ್ಟಿದೆ. ಸಿಹಿ ಇದೆಯೋ ಇಲ್ಲವೋ ತಿಳಿಯದು. ತಿನ್ನುವ ಹಾಗಿಲ್ಲ, ಬೀಜಕ್ಕೆ ಬಲಿಯಬೇಕು. ದಿನಾ ಬೆಳಿಗ್ಗೆ ಹೋಗಿ ಅವನ್ನು ನೋಡಿ, ಬಾಯಲ್ಲಿ ನೀರೂರಿಸಿಕೊಂಡು ಬರುತ್ತಿದ್ದೆ.

ಆಗಲೇ ಅಹಮದಾಬಾದಿನಿಂದ ಪತ್ರ ಬಂತು. ನಾಲ್ವರ ಸಮಿತಿ ಬಂದು ಹೊಲ ನೋಡಿ, ಈ ಕೆಲಸವನ್ನು ಮುಂದುವರಿಸಬೇಕೋ ಮುಚ್ಚಬೇಕೋ ತೀರ್ಮಾನಿಸುತ್ತದಂತೆ. ನನಗೇನೂ ಭಯವಾಗಲಿಲ್ಲ. ಏಳು ತೆನೆ ತೋರಿಸಿದರೆ ಹೊಲ ಉಳಿದ ಹಾಗೆಯೇ. ಸಮಿತಿಯವರು ದಾರಿಯಲ್ಲಿ ಬರೋಡಾದಲ್ಲಿ ಇಳಿಯುವವರಿದ್ದರು. ಅಲ್ಲಿಂದ ಅವರನ್ನು ಕರೆತರಲು ನಾನೇ ಹೊರಟೆ. ಆ ಹೊಲದ ಮೇಸ್ತ್ರಿ ಮಗನ್‌ಭಾಯಿ, ನನಗಿಂತ ಹಿರಿಯ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವನಿಗೆ ನನ್ನ ಹರಕು ಗುಜರಾತಿಯಲ್ಲಿ ಗಂಭೀರವಾಗಿ ಆಜ್ಞಾಪಿಸಿದೆ: "ಬರುವವರು ದೊಡ್ಡವರು. ಪೋಂಕ್ ಮಾಡಿಸು. ಹೊಲದಲ್ಲೇ ಅತ್ಯುತ್ತಮವಾದ ತೆನೆ ಇರಬೇಕು. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ!"

ಮನೆಯಲ್ಲಿ ಹೆಂಡತಿ ಸುಶೀಲಾ ಚೀಲ ಕಟ್ಟಿಕೊಡುತ್ತ ಕೇಳಿದಳು.

"ಅಲ್ರೀ, ಆ ಕೆಂಪು ದಾರದ ಸುದ್ದಿ ಮಗನ್‌ಭಾಯಿಗೆ ಹೇಳೀರೋ ಇಲ್ಲೋ?"

"ಅದನ್ನೇನ ಹೇಳೋದದ? ಮೂರು ವರ್ಷದಿಂದ ನನ್ನ ಜೋಡಿ ಅದಾನ. ಗೊತ್ತಿರ್ತದ."

"ನಾ ಹದಿನೈದು ವರ್ಷದಿಂದ ನಿಮ್ಮ ಜೋಡಿ ಇದ್ದೀನಿ. ನನಗೇ ನಿಮ್ಮ ತಲ್ಯಾಗ ಏನದ ಅನ್ನೋದು ಗೊತ್ತಾಗಂಗಿಲ್ಲ!"

ಹೆಂಗಸರಿಗೆ ವಿಜ್ಞಾನ ತಿಳಿಯುವುದಿಲ್ಲ ಎಂದುಕೊಂಡು ರೈಲು ಹತ್ತಿದೆ.

ಬರೋಡಾದ ಹತ್ತಿರ ಕೊಯಾಲಿಯಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ತಲೆಯೆತ್ತುತ್ತಿದ್ದ ಕಾಲವದು. ಸಮಿತಿಯವರು ಅದನ್ನು ನೋಡಿ ಬಂದು ಉಬ್ಬಿಹೋಗಿದ್ದರು. ಸೂರತ್ ಬರುವವರೆಗೂ ಉಕ್ಕಿನ ಗೋಪುರಗಳದೇ ಮಾತು. ಅಧ್ಯಕ್ಷರು ನನ್ನತ್ತ ತಿರುಗಿ, "ನಿಮ್ಮ ಹೊಲದಲ್ಲಿ ನೋಡುವಂಥದ್ದು ಏನಿದೆ?" ಎಂದರು.

"ಏಳು ಗಿಡ ಸಾರ್," ಎಂದೆ.

"ಏಳೇ?"

"ನೋಡಿದ ಮೇಲೆ ಮಾತಾಡಿ," ಎಂದೆ. ಅಬ್ಬಾ, ನನ್ನ ಧೈರ್ಯವೇ!

ಹೊಲದ ಚಪ್ಪರದ ಕೆಳಗೆ ಐದು ಬಟ್ಟಲು ಸಿದ್ಧವಾಗಿದ್ದವು. ಒಂದು ಚಮಚ ಬಾಯಿಗಿಟ್ಟೆ. ಕಣ್ಣು ಮುಚ್ಚಿಕೊಂಡಿತು. ಇಂಥ ಸಿಹಿಯನ್ನು ನಾನು ಧಾರವಾಡದಲ್ಲೂ ಕಂಡಿರಲಿಲ್ಲ, ಸೂರತ್ತಿನಲ್ಲೂ ಕಂಡಿರಲಿಲ್ಲ. ಸಮಿತಿಯವರು ಮಾತು ಮರೆತು ತಿಂದರು. ನಾನು ಅವರಿಗಿಂತ ಜೋರಾಗಿ ತಿಂದೆ.

ಆಗ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ. ಅವನು ಮಲಗಿದ್ದರೇ ಚೆನ್ನಾಗಿತ್ತು! ಜೇಬಿನಿಂದ ಭೂತಗನ್ನಡಿ ತೆಗೆದು ಕಾಳನ್ನು ಪರೀಕ್ಷಿಸಿದೆ. ಎದ್ದು ನಿಂತೆ. "ಮಹನೀಯರೇ, ಇದು ಮಾಮೂಲಿ ಜೋಳವಲ್ಲ. ಈ ಹೊಲದಲ್ಲಿ ನನಗೇ ತಿಳಿಯದ ಅಪೂರ್ವ ಗಿಡವೊಂದಿದೆ. ತಾವು ಈಗ ಒಂದು ಸಂಶೋಧನೆಗೆ ಸಾಕ್ಷಿಯಾಗುತ್ತಿದ್ದೀರಿ. ಮಗನ್‌ಭಾಯಿ! ಈ ತೆನೆ ಯಾವ ಸಾಲಿನದು? ಎಲ್ಲರಿಗೂ ತೋರಿಸು!"

ಮಗನ್‌ಭಾಯಿ ಹೆಮ್ಮೆಯಿಂದ ಮುಂದೆ ನಡೆದ. ನಾನು ಅವನ ಹಿಂದೆ, ಸಮಿತಿ ನನ್ನ ಹಿಂದೆ. ಬಾಡಿದ ಹೊಲದ ನಡುವೆ ಏಳು ಹಸಿರು ಗಿಡಗಳ ಮುಂದೆ ನಿಂತ. ಏಳಕ್ಕೂ ತಲೆ ಇರಲಿಲ್ಲ.

"ದಾರ?" ಎಂದೆ.

ಅವನು ಅಂಗಿಯ ಜೇಬಿನಿಂದ ಏಳು ತುಂಡು ಕೆಂಪು ದಾರ ತೆಗೆದು ನನ್ನ ಕೈಗಿಟ್ಟ. "ಹಾಳಾಗಿಲ್ಲ ಸಾಹೇಬ್, ಇನ್ನೊಮ್ಮೆ ಕಟ್ಟೋಕೆ ಬರುತ್ತೆ. ಒಳ್ಳೇ ತೆನೆಗೆ ನೀವೇ ಗುರುತು ಮಾಡಿಟ್ಟಿದ್ರಲ್ಲ, ನನಗೆ ಹುಡುಕೋ ಕಷ್ಟವೇ ಆಗಲಿಲ್ಲ."

ಅವನ ಮೇಲೆ ಕೂಗಾಡಬೇಕೆಂದು ಬಾಯಿ ತೆರೆದೆ. ಬಾಯಲ್ಲಿ ಇನ್ನೂ ಆ ಸಿಹಿ ಇತ್ತು. ಸಿಹಿ ಬರುತ್ತದೆಯೇ ಎಂಬ ಮೂರು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಪ್ರಯೋಗ ಯಶಸ್ವಿ! ಪ್ರಯೋಗ ಮಾತ್ರ ಉಳಿದಿರಲಿಲ್ಲ. ನಾಲ್ವರು ದೊಡ್ಡ ಮನುಷ್ಯರ ಎದುರು ಬದುವಿನ ಮೇಲೆ ಕುಳಿತುಬಿಟ್ಟೆ. ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು.

ಅಧ್ಯಕ್ಷರು ನಗಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದರು. "ಈ ದಾರದ ವಿಷಯ ಯಾರಿಗೆಲ್ಲ ಹೇಳಿದ್ದಿರಿ?"

"ಅಹಮದಾಬಾದಿನ ವಿಚಾರಸಂಕಿರಣದಲ್ಲಿ ಒಂದು ಗಂಟೆ ಮಾತಾಡಿದ್ದೇನೆ ಸಾರ್. ದಿಲ್ಲಿಗೆ ಬರೆದಿದ್ದೇನೆ."

"ಇವರಿಗೆ?"

ನಾನು ಮಗನ್‌ಭಾಯಿಯನ್ನು ನೋಡಿದೆ. ಮಗನ್‌ಭಾಯಿ ನನ್ನನ್ನು ನೋಡಿದ.

ಒಂದು ತಿಂಗಳಲ್ಲಿ ಎರಡು ಆದೇಶ ಬಂದವು. ಒಂದು, ಹೊಲ ಮುಚ್ಚಿದೆ. ಇನ್ನೊಂದು, ಸಂಶೋಧನೆ ಎಲ್ಲಿ ಹಾಳಾಗುತ್ತದೆ ಎಂಬುದರ ಪ್ರತ್ಯಕ್ಷ ಅನುಭವವುಳ್ಳ ನನ್ನನ್ನು ಅಹಮದಾಬಾದಿನಲ್ಲಿ ನೀತಿ ರೂಪಿಸುವ ಕಚೇರಿಗೆ ನೇಮಿಸಿದೆ. ಸುಶೀಲಾ ಎರಡನ್ನೂ ಓದಿ, "ತಿಂದು ಹಾಳು ಮಾಡಿದವರಿಗೆ ಬಡ್ತೀನೂ ಕೊಡ್ತಾರೇನ್ರೀ?" ಎಂದಳು.

ನಾನು ಛಲ ತೊಟ್ಟು ಕುಳಿತೆ. ಕ್ಷೇತ್ರ ಪ್ರಯೋಗಗಳಲ್ಲಿ ಮಾಹಿತಿ ವಿನಿಮಯ ಕುರಿತು ಹನ್ನೊಂದು ಪುಟಗಳ ಕರಡು ಬರೆದೆ. ಅನುಚ್ಛೇದ, ಉಪ ಅನುಚ್ಛೇದ, ಅನುಬಂಧ, ಒಂದಕ್ಕೂ ಕೊರತೆಯಿಲ್ಲ. ಆಮೇಲೆ ಮನಸ್ಸು ತಡೆಯಲಿಲ್ಲ. ಸೂರತ್ತಿಗೆ ಹೋಗಿ, ಮಗನ್‌ಭಾಯಿಯ ಮನೆಯ ಜಗುಲಿಯಲ್ಲಿ ಕುಳಿತು, ಹನ್ನೊಂದು ಪುಟವನ್ನೂ ಅವನಿಗೆ ಗುಜರಾತಿಯಲ್ಲಿ ವಿವರಿಸಿದೆ. ಕ್ಷಮೆ ಕೇಳುವ ನನ್ನ ರೀತಿ ಅದು.

ಅವನು ಕೊನೆಯವರೆಗೂ ಶ್ರದ್ಧೆಯಿಂದ ಕೇಳಿದ. ಚಹಾ ತರಿಸಿದ. ಆಮೇಲೆ ಮೆಲ್ಲಗೆ, "ಇಷ್ಟೆಲ್ಲ ಯಾಕೆ ಸಾಹೇಬ್? 'ಇದನ್ನು ಕೊಯ್ಯಬೇಡ' ಅಂದಿದ್ರೆ ಸಾಕಿತ್ತು," ಎಂದ.

ರೈಲಿನಲ್ಲಿ ಅಹಮದಾಬಾದಿನವರೆಗೂ ಕರಡನ್ನು ತಿರುವಿ ತಿರುವಿ ಹುಡುಕಿದೆ. ಆ ಒಂದು ಮಾತು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ!