ಕಾಗಿಣಾಪುರದ ತಪಾಸ ಸಾಹೇಬರು

ಅಮರನಾಥನನ್ನು ಸಾಹೇಬರೆಂದು ಕರೆಯುವ ಊರು ಲೋಕದಲ್ಲಿ ಒಂದೇ ಒಂದಿತ್ತು. ದುರ್ದೈವಕ್ಕೆ ಆ ಊರು ಭೂಮಿಯ ಮೇಲೆ ಇರಲಿಲ್ಲ.

ಭೂಮಿಯ ಮೇಲಿನ ಊರುಗಳಲ್ಲಿ ಅವನ ಪಾಡು ನಾಯಿಪಾಡು. ರಾವೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿಯೊಬ್ಬರ ಹತ್ತಿರ ಲಾರಿಗಳಿಗೆ ಚೀಟಿ ಹರಿದುಕೊಡುವ ಕೆಲಸ. ಮಾಲೀಕರು ಗಿರಾಕಿಗಳ ಎದುರಿಗೇ ‘ಏ ಅಮರ್ಯಾ’ ಎಂದು ಕೂಗುತ್ತಿದ್ದರು. ವಾಡಿಯ ಮನೆಯಲ್ಲಿ ಹೆಂಡತಿ ಜಯಮಾಲಾ ‘ಏನ್ರಿ’ ಎನ್ನುತ್ತಿದ್ದಳು. (ಈ ‘ಏನ್ರಿ’ಯಲ್ಲಿ ‘ರಿ’ ಇದ್ದ ಮಾತ್ರಕ್ಕೆ ಮರ್ಯಾದೆ ಇರಬೇಕೆಂದೇನೂ ಇಲ್ಲ, ಮದುವೆಯಾದ ಗಂಡಸರಿಗೆ ಈ ವ್ಯಾಕರಣ ಗೊತ್ತು.)

ಆ ಇಲ್ಲದ ಊರಿಗೆ ಆ ಸೀಮೆಯ ಕಾಗಿಣಾ ನದಿಯ ಮೇಲಿಂದ ಇಟ್ಟ ಹೆಸರು ಕಾಗಿಣಾಪುರ. ಅದು ಮೊಬೈಲಿನೊಳಗಿನ ಪಾತ್ರ ಕಟ್ಟುವ ಆಟ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಕೆಲಸವಿದ್ದವರು, ಇಲ್ಲದವರು, ಇದ್ದೂ ಮಾಡದವರು ಎಲ್ಲ ಕೂಡಿ ಕಟ್ಟಿದ ನಗರ. ಅಲ್ಲಿ ಕೋಟೆ ಉಂಟು, ಸಂತೆ ಉಂಟು, ಬ್ಯಾಂಕ್ ಉಂಟು, ಕೋರ್ಟೂ ಉಂಟು. ಎಲ್ಲರದೂ ವೇಷದ ಹೆಸರು. ಒಳಗಿರುವ ಆಸಾಮಿ ಯಾರೆಂದು ಯಾರಿಗೂ ತಿಳಿಯದು. ಅಮರನಾಥ ಮಾತ್ರ ಸ್ವಂತ ಹೆಸರಿನಲ್ಲೇ ಸೇರಿದ್ದ. ಎಂದಾದರೂ ಮರ್ಯಾದೆ ಬಂದರೆ ಅದು ಬೇರೆಯವರ ಹೆಸರಿಗೆ ಹೋಗಿ ಅಂಟಬಾರದು ಎಂಬುದು ಅವನ ಮುಂದಾಲೋಚನೆ.

ಮರ್ಯಾದೆ ಬಂದೇ ಬಂತು. ಮುಖ್ಯ ತಪಾಸಣಾಧಿಕಾರಿಯ ಹುದ್ದೆಗೆ ನಗರದಲ್ಲಿ ಚುನಾವಣೆ ನಡೆದು, ಹಿಂದಿನ ಸಲ ಠೇವಣಿ ಕಳೆದುಕೊಂಡಿದ್ದ ಅಮರನಾಥ ಈ ಸಲ ಭಾರೀ ಅಂತರದಿಂದ ಆರಿಸಿ ಬಂದ. ಒಂದು ಕಪ್ ಚಹಾ ಸಹ ಕುಡಿಸದೆ ಗೆದ್ದೆನೆಂಬ ಹೆಮ್ಮೆ ಅವನಿಗೆ. ಅಂದಿನಿಂದ ಕಾಗಿಣಾಪುರದ ಬೀದಿಯಲ್ಲಿ ‘ಶರಣ್ರಿ ತಪಾಸ ಸಾಹೇಬ್ರ’, ‘ಉಂಡ್ರೇನ್ರಿ ಸಾಹೇಬ್ರ’ ಎಂದು ಸಂದೇಶಗಳು ಬರತೊಡಗಿದವು. ಲಾರಿಯ ಧೂಳಿನಲ್ಲಿ ನಿಂತು ಅವನ್ನು ಓದುವಾಗ ಅವನಿಗೆ ಎದೆ ತುಂಬಿ ಬರುತ್ತಿತ್ತು. ಆಟಕ್ಕೆ ಎದೆ ತುಂಬಿಸಿಕೊಳ್ಳುವವನು ಹುಚ್ಚನಲ್ಲವೆ ಎಂದು ನೀವು ಕೇಳಬಹುದು. ನಿಮ್ಮನ್ನು ಯಾರೂ ‘ಏ ಅಮರ್ಯಾ’ ಎಂದಿಲ್ಲ, ಅದಕ್ಕೇ ಕೇಳುತ್ತೀರಿ.

ಸುಖವಾಗಿರುವವನಿಗೆ ಸುಮ್ಮನಿರಲು ಬರಬೇಕಲ್ಲ. ನಗರಕ್ಕೊಂದು ಸೇತುವೆ ಕಟ್ಟಲು ಜನ ಹೊರಟರೆ ನಗರ ಬ್ಯಾಂಕಿನ ಅಧ್ಯಕ್ಷ ‘ಕುಬೇರ’ ಚಿನ್ನದ ನಾಣ್ಯ ಬಿಚ್ಚದೆ ‘ನಾಳೆ ನೋಡೋಣು’ ಎಂದ. ಆ ನಾಳೆ ಬರಲೇ ಇಲ್ಲ. ಖಜಾನೆ ನುಂಗಿ ನೀರು ಕುಡಿದಿದ್ದಾನೆಂದು ಅಮರನಾಥನ ಮೂಗಿಗೆ ವಾಸನೆ ಬಡಿಯಿತು. ನಗರದ ಚೌಕದಲ್ಲಿ ನಿಂತು, ಕುಬೇರನ ಬಣ್ಣ ಬಯಲು ಮಾಡದಿದ್ದರೆ ಸಾಹೇಬನೆಂಬ ಹೆಸರನ್ನೇ ಬಿಟ್ಟುಕೊಡುತ್ತೇನೆಂದು ಘೋರ ಪ್ರತಿಜ್ಞೆ ಮಾಡಿಬಿಟ್ಟ. ಮಾಡಿದ ಮೇಲೆ ಹೊಳೆಯಿತು: ಇದ್ದ ಒಂದೇ ಊರನ್ನು ಅವನು ಪಣಕ್ಕಿಟ್ಟಿದ್ದ.

ಕೋರ್ಟಿನ ಹುಕುಂ ಇಲ್ಲದೆ ಬ್ಯಾಂಕಿನೊಳಗೆ ಕಾಲಿಡಬಾರದೆಂದು ಆಟದ ಕಾಯಿದೆ. ಹಾಗಾಗಿ ‘ನ್ಯಾಯದೇವಿ’ ಎಂಬ ಹೆಸರಿನ ನ್ಯಾಯಾಧೀಶರಿಗೆ ಅರ್ಜಿ ಹಾಕಿದ. ಅರ್ಜಿ ತಿರುಗಿ ಬಂತು: ‘ಅರ್ಜಿದಾರರ ಅರ್ಜಿ ಹಸಿ ಅದ. ಇನ್ನಷ್ಟು ಕುದಿಸಿ ತರಬೇಕು.’ ಕುದಿಸಿ ತಂದ. ‘ಅರ್ಜಿದಾರರು ಉಪ್ಪು ಹಾಕಲಿಕ್ಕೆ ಮರೆತಾರ. ಸಾಕ್ಷಿ ಎಲ್ಲಿ?’ ಎಂದು ಮತ್ತೆ ತಿರುಗಿತು. ಪೇಶಿಯ ಮೇಲೆ ಪೇಶಿ, ತಾರೀಖಿನ ಮೇಲೆ ತಾರೀಖು ಬಿದ್ದವು. ಊರಿನವರು ‘ಸಾಹೇಬ್ರ, ಎಲ್ಲಿಗಿ ಬಂತ್ರಿ?’ ಎಂದು ಕೇಳುವುದು ಹೆಚ್ಚಾಗಿ ಅಮರನಾಥನಿಗೆ ಅನ್ನ ಸೇರದಾಯಿತು.

ಒಂದು ಮಧ್ಯಾಹ್ನ ಆ ಆದೇಶಗಳನ್ನು ಓದುತ್ತ ಕೂತವನಿಗೆ ಫಕ್ಕನೆ ಜ್ಞಾನೋದಯವಾಯಿತು. ಇಡೀ ಊರು ‘ಅಮರನಾಥ ಸಾಹೇಬ್ರ’ ಎಂದು ಹೆಸರು ಹಿಡಿದು ಬರೆಯುತ್ತಿರುವಾಗ ಈ ನ್ಯಾಯದೇವಿ ಒಬ್ಬಳೇ ಅವನ ಹೆಸರನ್ನು ಬರೆಯುತ್ತಿಲ್ಲ. ‘ಅರ್ಜಿದಾರರು’ ಎಂದು ತಪ್ಪಿಸಿಕೊಳ್ಳುತ್ತಿದ್ದಾಳೆ. ಅವನ ಹೆಸರನ್ನು ಬಾಯಲ್ಲಿ ತೆಗೆದುಕೊಳ್ಳದ ಹೆಂಗಸು ಜಗತ್ತಿನಲ್ಲಿ ಇರುವುದು ಒಬ್ಬಳೇ. ಮೇಲಾಗಿ ಹಸಿ, ಕುದಿಸು, ಉಪ್ಪು! (ಎಲ್ಲ ಕೋರ್ಟುಗಳೂ ಎಲ್ಲರನ್ನೂ ಅರ್ಜಿದಾರರೆಂದೇ ಬರೆಯುತ್ತವೆ ಎಂಬುದು ನಿಜ. ಆದರೆ ಜ್ಞಾನೋದಯವಾದವನಿಗೆ ಅದನ್ನು ಹೇಳುವವರು ಯಾರು?) ‘ಸಣ್ಣ ಹುಡುಗರಂಗ ಏನ್ ಆಟ ಹಚ್ಚೀರಿ’ ಎಂದು ದಿನವೂ ಬೈಯುವ ಜಯಮಾಲಾ ನ್ಯಾಯಪೀಠದ ಮೇಲೆ ಕೂತಿದ್ದಾಳೆ!

ಅಂದಿನಿಂದ ಅಮರನಾಥ ಅಡುಗೆಮನೆಯಲ್ಲೇ ವಕಾಲತ್ತು ಹಾಕಿದ. ನೀರು ತುಂಬಿದ, ಪಾತ್ರೆ ತಿಕ್ಕಿದ, ಸುಟ್ಟ ರೊಟ್ಟಿಯನ್ನು ಹೊಗಳಿ ತಿಂದ. ನ್ಯಾಯ ಕೊಡುವವರು ದೊಡ್ಡ ಮನಸ್ಸು ಮಾಡಬೇಕು ಎಂದು ಗೋಡೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟ. ಹುಕುಂ ಸಿಕ್ಕರೆ ಕುಬೇರನನ್ನು ಹೇಗೆ ಹಿಡಿಯುತ್ತೇನೆಂಬ ಯೋಜನೆಯನ್ನೆಲ್ಲ ಅವಳ ಮುಂದೆ ಬಿಚ್ಚಿಟ್ಟ. ಮೊದಲು ಖಜಾನೆ, ಆಮೇಲೆ ಬ್ಯಾಂಕಿನ ಹಿಂದಿರುವ ಕುದುರೆ ಲಾಯ.

ಲಾಯ ಎಂದದ್ದೇ ಜಯಮಾಲಾ ಲಟ್ಟಣಿಗೆ ನಿಲ್ಲಿಸಿದಳು.

‘ಅಷ್ಟು ತೋಡಲಿಕ್ಕ ಹೋಗಬ್ಯಾಡ್ರಿ,’ ಎಂದಳು. ‘ಭಾಳ ತೋಡಿದ್ರ ನೀರು ಬರಂಗಿಲ್ಲ, ರಾಡಿ ಬರ್ತದ.’

ಇದು ನ್ಯಾಯಾಧೀಶರು ತನ್ನ ನಿಷ್ಠೆಯನ್ನು ಒರೆಗೆ ಹಚ್ಚುವ ರೀತಿ ಎಂದು ಅಮರನಾಥ ತಿಳಿದ. ರಾಡಿಯಾದರೂ ಸರಿ, ಸತ್ಯ ಬೇಕೆಂದು ಎದೆಯುಬ್ಬಿಸಿ ಹೇಳಿದ. ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಮರುದಿನವೇ ಹುಕುಂ ಬಂತು. ಬ್ಯಾಂಕಿನೊಳಗೆ ಕಾಲಿಡುವ ಮೊದಲು ಭಾನುವಾರ ಬೆಳಿಗ್ಗೆ ಮೊಬೈಲಿನ ಗುಂಪು ಕರೆಯಲ್ಲಿ ಬಹಿರಂಗ ವಿಚಾರಣೆ. ವಾದಿ, ಪ್ರತಿವಾದಿ, ನ್ಯಾಯಾಧೀಶರು ಸ್ವಂತ ಧ್ವನಿಯಲ್ಲಿ ಹಾಜರಿರಬೇಕು. ಪಾತ್ರೆ ತಿಕ್ಕಿದ್ದು ಸಾರ್ಥಕವಾಯಿತೆಂದು ಅಮರನಾಥ ಮೀಸೆ ತಿರುವಿದ.

ಭಾನುವಾರ ಪಡಸಾಲೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತ. ಐದೂ ಊರಿನ ಜನ ಕಿವಿಗೊಟ್ಟು ಕೂತಿದ್ದರು. ಮೊದಲು ನ್ಯಾಯದೇವಿಯ ಧ್ವನಿ ಕೇಳಿತು. ಅದು ಕೆಮ್ಮು ತುಂಬಿದ ದಪ್ಪ ಗಂಡು ಧ್ವನಿ. ಸೇಡಂನಲ್ಲಿ ಖಾನಾವಳಿ ನಡೆಸುವ ಸೂಗಪ್ಪನೆಂದು ಆತ ತನ್ನ ಪರಿಚಯ ಹೇಳಿಕೊಂಡ. ಹಸಿ, ಕುದಿ, ಉಪ್ಪುಗಳ ಮೂಲ ಅಮರನಾಥನಿಗೆ ಆಗ ತಿಳಿಯಿತು. ಹಾಗಾದರೆ ಇಷ್ಟು ದಿನ ಅಡುಗೆಮನೆಯಲ್ಲಿ ತಾನು ವಾದ ಮಂಡಿಸಿದ್ದು ಯಾರ ಮುಂದೆ ಎಂದು ಯೋಚಿಸುವಷ್ಟರಲ್ಲಿ ಸೂಗಪ್ಪ ಕುಬೇರನನ್ನು ಕೂಗಿದ.

‘ಹಾಜರ್ ಇದ್ದೀನ್ರಿ,’ ಎಂಬ ಉತ್ತರ ಮೊದಲು ಅಡುಗೆಮನೆಯಿಂದ ಬಂತು, ಆಮೇಲೆ ಮೊಬೈಲಿನಿಂದ ಬಂತು. ಕುಕ್ಕರಿನ ಸೀಟಿಯೂ ಹಾಗೆಯೇ ಎರಡು ಕಡೆಯಿಂದ ಕೇಳಿತು. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆಂದು ಅಮರನಾಥ ತೊದಲಿದ್ದನ್ನು ಸೂಗಪ್ಪ ಕೇಳಲಿಲ್ಲ. ಒಲೆಗಿಟ್ಟ ಮೇಲೆ ಬೇಯಲೇಬೇಕೆಂದು ಹೇಳಿ ವಿಚಾರಣೆ ಮುಂದುವರಿಸಿದ.

ಕುಬೇರ ಒಂದನ್ನೂ ಮುಚ್ಚಿಡಲಿಲ್ಲ. ನಾಣ್ಯಗಳನ್ನು ತೆಗೆದದ್ದು ನಿಜ. ಅವುಗಳಿಂದ ಕುದುರೆ ಕೊಂಡದ್ದು ನಿಜ. ತಪಾಸಣಾಧಿಕಾರಿಯ ಚುನಾವಣೆಯಲ್ಲಿ ಓಟಿಗೊಂದರಂತೆ ಕುದುರೆ ಹಂಚಿದ್ದೂ ನಿಜ. ಇಷ್ಟೆಲ್ಲ ಯಾಕೆ ಮಾಡಿದಿರಿ ಎಂದು ಸೂಗಪ್ಪ ಕೇಳಿದಾಗ ಜಯಮಾಲಾಳ ಧ್ವನಿ ಸಣ್ಣದಾಯಿತು.

‘ಒಂದಿನ ಮಾಲಕರ ಕಡಿಂದ ಬೈಸಿಕೊಂಡು ಮನಿಗಿ ಬಂದು, ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ರುರಿ ಇವರು. ಉಣಲಿಲ್ಲ. ಎಲ್ಯರೆ ಒಂದ್ ಕಡಿ ಇವರಿಗಿ ಮಂದಿ ಸಾಹೇಬ್ರ ಅನ್ನಲಿ ಅಂತ ಮಾಡಿದ್ನಿರಿ.’

ಭೂಮಿ ಬಾಯಿ ಬಿಡಬಾರದೆ ಎನಿಸಿತು ಅಮರನಾಥನಿಗೆ. ತಾನು ಗೆದ್ದಿರಲಿಲ್ಲ, ಗೆಲುವನ್ನು ತನಗೆ ಕೊಂಡುಕೊಡಲಾಗಿತ್ತು. ಅದೂ ತಾನೇ ಕಳ್ಳನ ಕೈಯೆಂದು ಸಾರಿದ ಕೈಯಿಂದ.

ಸೂಗಪ್ಪ ಕೆಮ್ಮಿ, ಕೋರ್ಟಿನಲ್ಲಿ ‘ಇವರು’ ಎಂದರೆ ನಡೆಯದು, ದಾಖಲೆಗೆ ಹೆಸರು ಬೇಕು ಎಂದ. ಜಯಮಾಲಾ ಒಲ್ಲೆನೆಂದಳು. ಗಂಡನ ಹೆಸರು ಹೇಗೆ ಹೇಳುವುದು? ಆಗ ಶಹಾಬಾದಿನ ಯಾರೋ ಹೆಣ್ಣುಮಗಳು, ಹಾಗಿದ್ದರೆ ಮದುವೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವಂತೆ ಒಡಪು ಕಟ್ಟಿ ಹೇಳಲಿ ಎಂದಳು. ಚಿಂಚೋಳಿಯವರೂ ಹೌದೆಂದರು. ಕೋರ್ಟು ಹೋಗಿ ಮದುವೆಮನೆಯಾಯಿತು. ಜಯಮಾಲಾ ಹೇಳಿದಳು:

‘ಕಾಗಿಣಾ ದಂಡ್ಯಾಗ ಕಬ್ಬಿಣದ ಪೆಟಗಿ,
ಅಮರನಾಥರಾಯರಿಗಿ ಹಾಕೀನಿ ಸಾಹೇಬ್ರ ಟೊಪಗಿ.’

ಐದೂ ಊರಿನಿಂದ ಚಪ್ಪಾಳೆ ಬಿದ್ದವು. ಒಡಪು ಚಂದವಾಗಿದ್ದುದರಿಂದ ಕುಬೇರನನ್ನು ಖುಲಾಸೆ ಮಾಡಲಾಗಿದೆ ಎಂದು ಸೂಗಪ್ಪ ತೀರ್ಪು ಕೊಟ್ಟ. ಆದರೆ ನಾಣ್ಯದ ಫಲ ಉಂಡವರು ತಪಾಸ ಸಾಹೇಬರೇ ಆದ್ದರಿಂದ, ಸಾಹೇಬರು ತಮ್ಮ ಮೇಲೆ ತಾವೇ ತಪಾಸಣೆ ನಡೆಸಿ ಸಂಜೆಯೊಳಗೆ ವರದಿ ಒಪ್ಪಿಸಬೇಕೆಂದ. ಕರೆ ಮುಗಿಯುವ ಮೊದಲೇ ಚಿತ್ತಾಪುರದ ಯಾರೋ ‘ಶರಣ್ರಿ, ಟೊಪಗಿ ಸಾಹೇಬ್ರ’ ಎಂದು ಬರೆದಿದ್ದರು. ಆ ಹೆಸರು ಮುಂದೆಂದೂ ಬಿಡಲಿಲ್ಲ.

ಅಮರನಾಥ ತಲೆ ತಗ್ಗಿಸಿ ವರದಿ ಶುರು ಮಾಡಿದ. ‘ಆರೋಪಿ’ ಎಂದು ಬರೆದ ಮೇಲೆ ಬೆರಳು ಮುಂದಕ್ಕೆ ಓಡಲಿಲ್ಲ. ಸೆರಗಿಗೆ ಕೈ ಒರೆಸುತ್ತ ಬಂದ ಜಯಮಾಲಾಳ ಕಡೆಗೆ ಮೊಬೈಲು ಚಾಚಿ, ಈ ಒಂದು ಹೆಸರನ್ನು ನೀನೇ ಬರೆದುಬಿಡು ಎಂದು ಅಂಗಲಾಚಿದ.

‘ನೀವೇ ಬರ್ಕೋರಿ,’ ಎಂದಳು ಅವಳು. ‘ಒಂದ್ ಸಲ ನಿಮ್ಮ ಹೆಸರು ತಗೊಂಡಿದ್ದಕ್ಕೇ ಇಷ್ಟಾತು.’

ಅಮರನಾಥ ಬರೆದ.