ಏಕಕೋಣ ಜೀವಿಯನ್ನು ಏಕಕೋಶ ಜೀವಿಯೆಂದು ತಿದ್ದಿಕೊಡುವ ಬಗ್ಗೆ

ಇಂದ,
ಜೀವಶಾಸ್ತ್ರ ಪ್ರಯೋಗಾಲಯದ ಸಹಾಯಕಿ,
ಕಾಲೇಜಿನ ಹಿಂಭಾಗ, ಕಿಟಕಿ ಪಕ್ಕದ ಮೇಜು.

ಗೆ,
ಆಡಳಿತಾಧಿಕಾರಿಗಳು,
ಅದೇ ಕಾಲೇಜು, ಮುಂಭಾಗ.

ವಿಷಯ: ಕೋಣವಲ್ಲದ್ದನ್ನು ಕೋಣವೆಂದು ಹೊರಹಾಕದಿರುವ ಕುರಿತು.

ಉಲ್ಲೇಖ: ೧. ತಮ್ಮ ಆದೇಶ. ೨. ಅದನ್ನೋದಿ ಅರ್ಜಿದಾರಳು ಎರಡು ದಿನ ನಕ್ಕಿದ್ದು. ಮೂರನೆಯ ದಿನ ನಗು ನಿಂತಿದ್ದು.

ಮಾನ್ಯರೇ,

೧. ಅರ್ಜಿದಾರಳು ವಾರ್ಷಿಕ ಪಟ್ಟಿಯಲ್ಲಿ 'ಏಕಕೋಶ ಜೀವಿ, ಬಾಟಲಿ ಒಂದು' ಎಂದು ಬರೆದುಕೊಟ್ಟಿದ್ದಳು. ಟೈಪು ಮಾಡುವವರ ಬೆರಳು ಜಾರಿ 'ಶ' ಇರಬೇಕಾದಲ್ಲಿ 'ಣ' ಬಂದು ಕೂತಿತು. ಕಾರಣ, ಜೀವಿ 'ಏಕಕೋಣ'ವಾಯಿತು. ಆ ಕಾರಣ, ಪ್ರಯೋಗಾಲಯದಲ್ಲಿ ಕೋಣ ಕಟ್ಟಲಾಗಿದೆಯೆಂದು ತಾವು ಭಾವಿಸಿದಿರಿ. ಆದ್ದರಿಂದ ಏಳು ದಿನಗಳೊಳಗೆ ಅದನ್ನು ಹೊರಹಾಕತಕ್ಕದ್ದೆಂದು ಆದೇಶವಾಯಿತು.

೨. ತನಿಖೆಗೆ ಬಂದ ಮೇಲ್ವಿಚಾರಕರು ಬಾಗಿಲಲ್ಲೇ ನಿಂತು, "ಕೋಣ ಎಲ್ಲಮ್ಮಾ?" ಎಂದರು.

"ಆ ಬಾಟ್ಲೀಲಿದೆ ಸಾರ್."

ಅವರು ಬಾಟಲಿಯನ್ನು ನೋಡಿದರು, ಅರ್ಜಿದಾರಳನ್ನು ನೋಡಿದರು. "ಸ್ವಲ್ಪ ಕೂತ್ಕೊಳ್ಳಿ, ನೀರು ಕುಡೀರಿ" ಎಂದರು.

೩. ಆದೇಶದ ಜೊತೆ ಬಂದ ತಮ್ಮ ನಮೂನೆಯಲ್ಲಿ ಕೇಳಿದ ವಿವರಗಳು ಇಂತಿವೆ. ಕಾಲು: ಖಾಯಂ ಇಲ್ಲ. ಬಾಟಲಿಯಲ್ಲಿರುವ ಅಮೀಬ ಬೇಕೆಂದ ಕಡೆ ಮೈಯನ್ನೇ ಚಾಚಿ ಕಾಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಒಳಗೆಳೆದುಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿದ್ಯೆ ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಮೇವು: ಬಾಯಿಯಿಲ್ಲ. ಎದುರಾದದ್ದನ್ನು ಸುತ್ತುವರಿದು ಒಳಗೆ ಸೇರಿಸಿಕೊಳ್ಳುತ್ತದೆ, ಆಮೇಲೆ ಸುದ್ದಿಯಿಲ್ಲ. ಅರ್ಜಿದಾರಳ ಹಿಂದಿನ ಮೂರು ಅರ್ಜಿಗಳನ್ನು ಇಲ್ಲಿ ನೆನಪಿಸುವ ಉದ್ದೇಶವಿಲ್ಲ. ಅದೇ ಬಾಟಲಿಯಲ್ಲಿ ಪ್ಯಾರಮೀಸಿಯಂ ಮೈತುಂಬ ಇರುವ ಸಣ್ಣ ರೋಮಗಳನ್ನು ಬಡಿಯುತ್ತ ಓಡಾಡುತ್ತದೆ. ಯೂಗ್ಲೀನ ಚಾವಟಿಯಂಥ ಬಾಲ ಬೀಸಿ ಈಜುತ್ತದೆ, ಬಿಸಿಲಿದ್ದರೆ ಹಸಿರು ಮೈಯಲ್ಲೇ ಅಡುಗೆ ಮಾಡಿಕೊಳ್ಳುತ್ತದೆ.

೪. ವರ್ಗ: ನಮೂನೆಯಲ್ಲಿ 'ಸಸ್ಯ', 'ಪ್ರಾಣಿ' ಎರಡೇ ಮನೆಗಳಿವೆ. ಸಸ್ಯಶಾಸ್ತ್ರದ ಮೇಷ್ಟ್ರು, "ಓಡಾಡೋದು ನಮ್ದಲ್ಲಮ್ಮ" ಎಂದರು. ಪ್ರಾಣಿಶಾಸ್ತ್ರದ ಮೇಡಂ, "ಹಸಿರಾಗಿರೋದು ನಮಗ್ಯಾಕೆ?" ಎಂದರು. ಇಂಥವಕ್ಕೆಂದೇ ಪಂಡಿತರು 'ಪ್ರೊಟಿಸ್ಟ' ಎಂಬ ಬೇರೆ ಮನೆ ಕಟ್ಟಿದ್ದಾರೆ. ಅದು ತಮ್ಮ ನಮೂನೆಗೆ ಇನ್ನೂ ತಲುಪಿಲ್ಲ.

೫. ಟೈಪು ವಿಭಾಗಕ್ಕೆ ಇದನ್ನೆಲ್ಲ ವಿವರಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. (ಇಲ್ಲಿ 'ಕೋಣ' ಎಂಬುದು ಟೈಪು ದೋಷವಲ್ಲ.) ಮೇಲ್ವಿಚಾರಕರು ಮಾತ್ರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಾಲು ಗಂಟೆ ಏಳಲಿಲ್ಲ. ಎದ್ದ ಮೇಲೆ ಹೇಳಿದರು: "ನನಗೇನೋ ಅರ್ಥ ಆಯ್ತಮ್ಮ. ಆದ್ರೆ ಕಾಗದದಲ್ಲಿ ಕೋಣ ಅಂತಿದೆಯಲ್ಲ. ಸೋಮವಾರಕ್ಕೆ ಏಳು ದಿನ ಮುಗಿಯುತ್ತೆ, ಅವತ್ತು ಬಾಟ್ಲಿ ಸಿಂಕಿಗೆ ಸುರಿದು, ಕೋಣ ಹೊರಹಾಕಿದೆ ಅಂತ ಬರೀಲೇಬೇಕು."

೬. ಈ ಮೇಜಿನಲ್ಲಿ ಅರ್ಜಿದಾರಳಿಗಿಂತ ಮೊದಲು ಅವಳ ಸ್ವಂತ ಅಕ್ಕ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಗೆ ಸೇರುವ ದಿನ ಬಾಟಲಿಯನ್ನು ಕೈಗಿಟ್ಟು, "ಇವಕ್ಕೆ ಮುಪ್ಪಿಲ್ಲ ಕಣೇ, ಬೆಳೆದ್ರೆ ಎರಡಾಗ್ತವೆ. ನೀರು ಮಾತ್ರ ಬದಲಾಯಿಸ್ತಿರು" ಎಂದಳು. ಆದಕಾರಣ, ಈಗ ಇರುವವು ಅವಳು ಸಾಕಿದವೇ. ಎರಡಾಗುವ ಸೌಲಭ್ಯ ಅಕ್ಕನಿಗೆ ಇರಲಿಲ್ಲ. ಅರ್ಜಿದಾರಳಿಗೆ ಇದರಿಂದ ಬಹಳ ಸಂಕಟವಾಗಿದೆ. ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲದ್ದರಿಂದ ಇಲ್ಲಿ ಬರೆದಿದೆ.

ಆದ್ದರಿಂದ, ಸೋಮವಾರದೊಳಗೆ ಒಂದೇ ಒಂದು ಅಕ್ಷರವನ್ನು ತಿದ್ದಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಕೋಣ ಕಟ್ಟದ ಸಹಾಯಕಿ

ಲಗತ್ತು: ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು. (ಕೋಣಗಳು ಅಂದಾಜು ನಲವತ್ತು. ಕಡತ ತಡವಾದರೆ ಸಂಖ್ಯೆಗೆ ಅರ್ಜಿದಾರಳು ಜವಾಬ್ದಾರಳಲ್ಲ.)

ಕೊನೆಯ ವಿನಂತಿ: ತಿದ್ದಲು ಸಾಧ್ಯವೇ ಇಲ್ಲದಿದ್ದಲ್ಲಿ, ಕೋಣವನ್ನು ಸಿಂಕಿಗೆ ಸುರಿಯುವ ನಿಯಮ ಎಲ್ಲೂ ಇಲ್ಲವಾದ ಕಾರಣ, ಅದನ್ನು ಅರ್ಜಿದಾರಳ ಮನೆಗೆ ಸಾಗಿಸಲು ಲಾರಿ ಕಳುಹಿಸಬೇಕು. ಕೋಣವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಜಿದಾರಳು ಮುಂದಿನ ಸೀಟಿನಲ್ಲಿ ಕೂರುತ್ತಾಳೆ.